ಸೌತ್‌ಡೇಲ್ ಮಾಲ್: ಡೇಟನ್ಸ್ ತನ್ನ ಎದುರಾಳಿಯನ್ನೇ ಒಳಗೆ ಕರೆದದ್ದೇಕೆ?

ಪ್ರಶ್ನೆ ಕೇಳಿದವರು: ಜವಳಿಯಂಗಡಿ

ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ ಅಮೆರಿಕದ ಮಿನ್ನೆಸೋಟಾಕ್ಕೆ ಬಂದು ಮೂರು ತಿಂಗಳಾಯಿತು. ಮಗಳ ಮನೆ ಮಿನಿಯಾಪೊಲಿಸ್ ನಗರದ ನೈರುತ್ಯಕ್ಕಿರುವ ಈಡೈನಾ ಎಂಬ ಉಪನಗರದಲ್ಲಿದೆ. ಹೊರಗೆ ಹಿಮ ಗಟ್ಟಿಯಾಗಿ ಕಾಲಿಟ್ಟಲ್ಲಿ ಜಾರುವುದರಿಂದ, ಅಳಿಯಂದಿರು ಆಫೀಸಿಗೆ ಹೋಗುವಾಗ ನನ್ನನ್ನು ಸೌತ್‌ಡೇಲ್ ಸೆಂಟರ್ ಎಂಬ ಮಾಲ್‌ನ ಬಾಗಿಲಲ್ಲಿ ಇಳಿಸಿ ಹೋಗುತ್ತಾರೆ. ಅಂಗಡಿಗಳು ಬಾಗಿಲು ತೆಗೆಯುವ ಮುನ್ನವೇ ನನ್ನಂಥ ಹತ್ತಾರು ಮುದುಕರು ಅಲ್ಲಿ ಕೋಟು ಕಳಚಿ ಕೈಮೇಲೆ ಹಾಕಿಕೊಂಡು ಸುತ್ತು ಹೊಡೆಯುತ್ತಿರುತ್ತಾರೆ.

ಹೀಗೆ ನಡೆಯುತ್ತ ಈ ಕಟ್ಟಡದ ಹಿನ್ನೆಲೆಯ ಬಗ್ಗೆ ಕುತೂಹಲ ಹುಟ್ಟಿ ಒಂದಿಷ್ಟು ಓದಿದೆ. ಇದು 1956ರ ಅಕ್ಟೋಬರ್ 8ರಂದು ತೆರೆಯಿತಂತೆ. ಮಿನಿಯಾಪೊಲಿಸ್‌ನ ಪೇಟೆಯಲ್ಲಿ ದೊಡ್ಡ ಅಂಗಡಿ ನಡೆಸುತ್ತಿದ್ದ ಡೇಟನ್ ಮನೆತನದ ಕಂಪನಿ ಎರಡು ಕೋಟಿ ಡಾಲರ್ ಹೂಡಿ, ಎಪ್ಪತ್ತೆರಡು ಅಂಗಡಿಗಳಿಗೂ ಐದು ಸಾವಿರಕ್ಕೂ ಹೆಚ್ಚು ಕಾರುಗಳಿಗೂ ಜಾಗವಿರುವಂತೆ ಇದನ್ನು ಕಟ್ಟಿಸಿತು. ಅಲ್ಲಿಯವರೆಗೆ ಸರಿ. ಆದರೆ ಒಂದು ತುದಿಯಲ್ಲಿ ಡೇಟನ್ಸ್ ತನ್ನ ಅಂಗಡಿ ಇಟ್ಟುಕೊಂಡು, ಪೇಟೆಯ ಅದೇ ನಿಕೊಲೆಟ್ ರಸ್ತೆಯಲ್ಲಿ ತನಗೆ ಪೈಪೋಟಿ ಕೊಡುತ್ತಿದ್ದ ಡೊನಾಲ್ಡ್‌ಸನ್ಸ್ ಎಂಬ ಅಂಗಡಿಗೂ ಇದೇ ಸೂರಿನಡಿ ಜಾಗ ಮಾಡಿಕೊಟ್ಟಿತು ಎಂಬುದನ್ನು ಓದಿ ನನಗೆ ತಲೆಬುಡ ತಿಳಿಯದಂತಾಯಿತು.

ನಾನು ಮೂವತ್ತೆರಡು ವರ್ಷ ಜವಳಿ ವ್ಯಾಪಾರ ಮಾಡಿದವನು. ಪಕ್ಕದ ಮಳಿಗೆಗೆ ಇನ್ನೊಬ್ಬ ಜವಳಿಯವನು ಬಂದರೆ ನಾವು ತಡೆಯಲಾರದೆ ಸುಮ್ಮನಿರುತ್ತೇವೆ. ಆದರೆ ಸ್ವಂತ ಕಟ್ಟಡದ ಅರ್ಧವನ್ನು ಅವನಿಗೇ ಬಾಡಿಗೆಗೆ ಕೊಟ್ಟು, ಗಿರಾಕಿ ಇತ್ತಿಂದತ್ತ ಓಡಾಡಲು ಬೆಚ್ಚಗಿನ ದಾರಿಯನ್ನೂ ಮಾಡಿಕೊಡುವವರನ್ನು ನಾನು ಕಂಡಿಲ್ಲ. ಇದರ ಲೆಕ್ಕಾಚಾರವೇನು? ಹಾಗೆಯೇ, ಇದನ್ನು ವಿನ್ಯಾಸ ಮಾಡಿದ ವಾಸ್ತುಶಿಲ್ಪಿಯೇ ಕಡೆಗಾಲದಲ್ಲಿ ಮಾಲ್‌ಗಳನ್ನು ಶಪಿಸಿದನೆಂದು ಹೇಳುತ್ತಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಎರಡನೇ ಮಹಡಿ

ಹಿರಿಯರಿಗೆ ನಮಸ್ಕಾರ. ನಾನು ಬೆಂಗಳೂರಿನ ಮಾಲೊಂದರಲ್ಲಿ ಮಳಿಗೆಗಳನ್ನು ಲೀಸಿಗೆ ಕೊಡುವ ವಿಭಾಗದಲ್ಲಿ ಹನ್ನೊಂದು ವರ್ಷ ದುಡಿದವನಾದ್ದರಿಂದ, ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ನೀವು ಡೇಟನ್ಸ್ ಅನ್ನು ಅಂಗಡಿಯವನಾಗಿ ನೋಡುತ್ತಿದ್ದೀರಿ, ಆದರೆ ಸೌತ್‌ಡೇಲ್‌ನಲ್ಲಿ ಅದು ಅಂಗಡಿಯವನೂ ಹೌದು, ಮನೆಮಾಲೀಕನೂ ಹೌದು. ಮಾಲ್‌ನಲ್ಲಿ ಆಂಕರ್ ಎಂದು ಕರೆಯುವ ದೊಡ್ಡ ಅಂಗಡಿಯ ಕೆಲಸ ಜನರನ್ನು ಎಳೆದು ತರುವುದು. ಬಾಡಿಗೆಯ ನಿಜವಾದ ಸಂಪಾದನೆ ಬರುವುದು ನಡುವಿನ ಸಣ್ಣ ಮಳಿಗೆಗಳಿಂದ. ಆಂಕರ್ ಒಂದೇ ಇದ್ದರೆ ಗಿರಾಕಿ ಅದರ ಬಾಗಿಲೆದುರಿಗೇ ಕಾರು ನಿಲ್ಲಿಸಿ, ಬೇಕಾದ್ದನ್ನು ಕೊಂಡು, ಅದೇ ಬಾಗಿಲಿನಿಂದ ಮನೆಗೆ ಹೊರಡುತ್ತಾನೆ. ಎರಡು ತುದಿಗಳಲ್ಲಿ ಎರಡು ಆಂಕರ್‌ಗಳಿದ್ದು, ಅವು ಒಂದೇ ಬಗೆಯ ಮಾಲು ಮಾರುವ ಪ್ರತಿಸ್ಪರ್ಧಿಗಳಾಗಿದ್ದರೆ, ಡೇಟನ್ಸ್‌ನಲ್ಲಿ ಕೋಟಿನ ಬೆಲೆ ಕೇಳಿದಾಕೆ ಡೊನಾಲ್ಡ್‌ಸನ್ಸ್‌ನಲ್ಲೂ ಒಮ್ಮೆ ಕೇಳಿ ನೋಡೋಣವೆಂದು ಉದ್ದಕ್ಕೂ ನಡೆಯುತ್ತಾಳೆ, ಮತ್ತು ಆ ನಡಿಗೆಯಲ್ಲಿ ಚಪ್ಪಲಿ ಅಂಗಡಿ, ಮಿಠಾಯಿ ಅಂಗಡಿ, ಆಟಿಕೆಯ ಅಂಗಡಿಗಳೆಲ್ಲ ಅವಳ ಕಣ್ಣಿಗೆ ಬೀಳುತ್ತವೆ. ಸಣ್ಣ ಮಳಿಗೆಯವರ ವಹಿವಾಟಿನಲ್ಲಿ ಒಂದಂಶವನ್ನು ಬಾಡಿಗೆಯಾಗಿ ಪಡೆಯುವುದು ಅಮೆರಿಕದ ಮಾಲ್‌ಗಳಲ್ಲಿ ಹಳೆಯ ರೂಢಿ. ನಮ್ಮಲ್ಲಿ ಅದನ್ನೇ ಮಿನಿಮಮ್ ಗ್ಯಾರಂಟಿ, ರೆವೆನ್ಯೂ ಶೇರ್ ಎಂಬ ಹೆಸರುಗಳಲ್ಲಿ ಕರಾರಿಗೆ ಸೇರಿಸುತ್ತೇವೆ. ಇಂಥ ಏರ್ಪಾಡಿನಲ್ಲಿ ಕೋಟಿನ ವ್ಯಾಪಾರ ಎದುರಾಳಿಗೆ ಹೋದರೂ, ದಾರಿಯಲ್ಲಿ ಕೊಂಡ ಮಗುವಿನ ಬೂಟಿನ ಬೆಲೆಯಲ್ಲಿ ಮಾಲೀಕನಿಗೊಂದು ಪಾಲು ಇದ್ದೇ ಇರುತ್ತದೆ.

ಇನ್ನೊಂದು ಮಾತು. ಡೊನಾಲ್ಡ್‌ಸನ್ಸ್‌ಗೆ ಒಳಗೆ ಜಾಗ ಕೊಡದಿದ್ದರೆ ಅದು ಸುಮ್ಮನೆ ಕೂರುತ್ತಿತ್ತೇ? ಸುತ್ತ ಬಯಲು ಬೇಕಾದಷ್ಟಿತ್ತು. ರಸ್ತೆಯಾಚೆ ನಿಂತು ನಮ್ಮ ಜನಸಂದಣಿಯನ್ನು ಪುಕ್ಕಟೆಯಾಗಿ ಬಳಸಿಕೊಳ್ಳುವ ಎದುರಾಳಿಗಿಂತ ಒಳಗಿದ್ದು ಕರಾರಿಗೆ ಸಹಿ ಹಾಕಿದ ಎದುರಾಳಿ ಎಷ್ಟೋ ಮೇಲು.

ಇದರ ತಿರುವುಮುರುವನ್ನೂ ನಾನು ಕಂಡಿದ್ದೇನೆ. ನಾನಿದ್ದ ಮಾಲ್‌ನ ಎರಡನೇ ಮಹಡಿಯ ಕೊನೆಯಲ್ಲಿದ್ದ ದೊಡ್ಡ ಬಟ್ಟೆ ಮಳಿಗೆ ಒಂದು ಮಾರ್ಚ್ ತಿಂಗಳಲ್ಲಿ ಖಾಲಿಯಾಯಿತು. ಅದರ ಪಕ್ಕದಲ್ಲಿ ಮಕ್ಕಳ ಬೂಟು ಮಾರುತ್ತಿದ್ದವರು ಎರಡು ತಿಂಗಳ ತರುವಾಯ ನನ್ನ ಮೇಜಿನ ಮೇಲೆ ಎರಡು ಶನಿವಾರಗಳ ಬಿಲ್ಲಿನ ಕಟ್ಟುಗಳನ್ನು ಅಕ್ಕಪಕ್ಕ ಇಟ್ಟು, ಬಾಯಿಬಿಟ್ಟು ಏನೂ ಹೇಳದೆ ಕುಳಿತರು. ಹಳೆಯ ಕಟ್ಟಿಗೆ ರಬ್ಬರ್ ಬ್ಯಾಂಡ್ ಸಾಲದೆ ದಾರ ಸುತ್ತಿತ್ತು, ಹೊಸ ಕಟ್ಟನ್ನು ಗುಂಡುಸೂಜಿಯೊಂದು ಹಿಡಿದಿತ್ತು. ಅವರ ಬೂಟಿನ ಗುಣಮಟ್ಟ ಬದಲಾಗಿರಲಿಲ್ಲ, ಬೆಲೆಯೂ ಬದಲಾಗಿರಲಿಲ್ಲ. ಅವರ ಅಂಗಡಿಯ ಮುಂದೆ ಹಾದುಹೋಗಲು ಜನರಿಗೆ ಕಾರಣವಿರಲಿಲ್ಲ, ಅಷ್ಟೆ.

ಉತ್ತರ: ನೀಲನಕ್ಷೆ

ಎರಡನೇ ಮಹಡಿಯವರು ವ್ಯಾಪಾರದ ಮಗ್ಗುಲನ್ನು ಚೆನ್ನಾಗಿ ವಿವರಿಸಿದ್ದಾರೆ. ವಾಸ್ತುಶಿಲ್ಪ ಕಲಿಸುವವನಾಗಿ ನಾನು ಎರಡನೆಯ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುತ್ತೇನೆ. ಇದು ಸ್ವಲ್ಪ ಉದ್ದವಾದೀತು, ಕ್ಷಮೆಯಿರಲಿ.

ಸೌತ್‌ಡೇಲ್‌ನ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ಯೆಹೂದಿ ಮನೆತನ, ಹುಟ್ಟುಹೆಸರು ಗ್ರೂನ್‌ಬಾಮ್. ಹಗಲು ಕಟ್ಟಡದ ನಕ್ಷೆ ಬರೆದು, ರಾತ್ರಿ ರಾಜಕೀಯ ವಿಡಂಬನೆಯ ರಂಗತಂಡದಲ್ಲಿ ಪಾತ್ರ ಮಾಡುತ್ತಿದ್ದ ಈತ, 1938ರಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿದಾಗ ಊರು ಬಿಟ್ಟು ನ್ಯೂಯಾರ್ಕ್ ಸೇರಿದರು. ಅಲ್ಲಿ ಮೊದಲು ಹೆಸರು ತಂದದ್ದು ಫಿಫ್ತ್ ಅವೆನ್ಯೂವಿನ ಸಣ್ಣ ಅಂಗಡಿಗಳ ಮುಂಭಾಗಗಳು. ದಾರಿಹೋಕನ ಕಾಲನ್ನು ನಿಲ್ಲಿಸುವುದು ಹೇಗೆಂಬುದನ್ನು ಅವರು ಕಲಿತದ್ದು ಅಲ್ಲಿ. 1954ರಲ್ಲಿ ಡೆಟ್ರಾಯಿಟ್ ಹೊರವಲಯದಲ್ಲಿ ಹಡ್ಸನ್ಸ್ ಕಂಪನಿಗಾಗಿ ನಾರ್ತ್‌ಲ್ಯಾಂಡ್ ಎಂಬ ಭಾರಿ ಮಾರುಕಟ್ಟೆಯನ್ನು ಕಟ್ಟಿದರು. ಆದರೆ ಅದಕ್ಕೆ ಛಾವಣಿ ಇರಲಿಲ್ಲ, ಅಂಗಡಿಗಳ ನಡುವಿನ ದಾರಿಗಳು ಬಯಲಿಗೆ ತೆರೆದಿದ್ದವು.

ಮಿನ್ನೆಸೋಟಾದಲ್ಲಿ ಹಾಗೆ ಮಾಡುವಂತಿರಲಿಲ್ಲ. ಅಲ್ಲಿ ಅಂಗಡಿ ಸುತ್ತಲು ಹಿತವೆನಿಸುವ ದಿನಗಳು ವರ್ಷಕ್ಕೆ 126 ಮಾತ್ರ ಎಂಬ ಲೆಕ್ಕವನ್ನು ಗ್ರೂಯೆನ್ ಡೇಟನ್ಸ್ ಮುಂದಿಟ್ಟರು. ಇಡೀ ಸಂಕೀರ್ಣವನ್ನು ಒಂದೇ ಸೂರಿನಡಿ ತಂದರೆ ಬಿಡಿ ಅಂಗಡಿಗಳಿಗೆ ಬೇರೆಬೇರೆ ಹೊರಗೋಡೆಯೂ ಚಳಿ ತಡೆಯುವ ಬಾಗಿಲೂ ಬೇಕಾಗುವುದಿಲ್ಲ. ಒಂದೇ ಅಂತಸ್ತಿನಲ್ಲಿ ಹರಡಿದರೆ ನಡೆದು ದಣಿವಾಗುತ್ತದೆಂದು ಎರಡು ಅಂತಸ್ತು ಮಾಡಿ, ನಡುವೆ ಎಸ್ಕಲೇಟರ್ ಇಟ್ಟು, ಕಾರು ನಿಲ್ಲಿಸುವ ಜಾಗಗಳನ್ನೂ ಎರಡು ಮಟ್ಟಗಳಲ್ಲಿ ಹಂಚಿದರು. ಹಾಗಾಗಿ ಒಳಬರುವವರಲ್ಲಿ ಒಂದು ಪಾಲು ಕೆಳಗಿನಿಂದಲೂ ಇನ್ನೊಂದು ಪಾಲು ಮೇಲಿನಿಂದಲೂ ಬಂದು ಎರಡು ಅಂತಸ್ತುಗಳಲ್ಲಿಯೂ ಮಳಿಗೆಗೆ ಸಮನಾದ ಬೆಲೆ ಸಿಕ್ಕಿತು. ಮೇಲಿನ ಮಹಡಿಗೆ ಗಿರಾಕಿ ಹತ್ತುವುದಿಲ್ಲವೆಂಬ ವ್ಯಾಪಾರಿಗಳ ಹಳೆಯ ಭಯಕ್ಕೆ ಇಷ್ಟು ಸರಳವಾದ ಪರಿಹಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಟ್ಟನಡುವೆ ‘ಸದಾ ವಸಂತದ ಉದ್ಯಾನಾಂಗಣ’ ಎಂಬರ್ಥದ ಹೆಸರಿನ ಎತ್ತರದ ಅಂಗಳವಿತ್ತು. ಮೇಲಿನಿಂದ ಹಗಲ ಬೆಳಕು, ಕೆಳಗೆ ಮೀನಿನ ಕೊಳ, ನಿಜವಾದ ಗಿಡಮರಗಳು, ಬಯಲಿನಲ್ಲಿ ಹಾಕಿದಂಥ ಮೇಜುಗಳ ಕಾಫಿಖಾನೆ, ಇಪ್ಪತ್ತೊಂದು ಅಡಿ ಎತ್ತರದ ಹಕ್ಕಿಗೂಡು, ಶಿಲ್ಪಿ ಹ್ಯಾರಿ ಬರ್ಟೋಯಾ ಮಾಡಿದ ಲೋಹದ ‘ಚಿನ್ನದ ಮರಗಳು’. ಗ್ರೂಯೆನ್ ಮನಸ್ಸಿನಲ್ಲಿದ್ದದ್ದು ಮಿಲಾನ್ ನಗರದ ಹತ್ತೊಂಬತ್ತನೆಯ ಶತಮಾನದ ಗಾಜಿನ ಸೂರಿನ ಗ್ಯಾಲರಿಯಾ ಮತ್ತು ತಾನು ಬಿಟ್ಟುಬಂದ ವಿಯೆನ್ನಾದ ಕಾಫಿಖಾನೆಗಳು. ಹೊರಗಿನಿಂದ ನೋಡಿದರೆ ಗೋಡೆ ಬಿಟ್ಟು ಬೇರೇನೂ ಕಾಣದ ಪೆಟ್ಟಿಗೆ, ಸಡಗರವೆಲ್ಲ ಒಳಗೆ. ಮುಂದಿನ ಮಾಲ್‌ಗಳು ಅವರಿಂದ ಚಾಚೂ ತಪ್ಪದೆ ಕಲಿತದ್ದು ಈ ಒಂದು ಗುಣವನ್ನು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗ್ರೂಯೆನ್ ಬರೆದ ನಕ್ಷೆ ಮಾಲ್‌ನದಲ್ಲ, ಒಂದು ಊರಿನದು. ಡೇಟನ್ಸ್ ಕೈಯಲ್ಲಿ 463 ಎಕರೆ ಇತ್ತು. ಅದರಲ್ಲಿ ಮನೆಗಳು, ಅಪಾರ್ಟ್‌ಮೆಂಟ್‌ಗಳು, ಶಾಲೆ, ಆಸ್ಪತ್ರೆ, ಕೆರೆ, ಉದ್ಯಾನ ಇವೆಲ್ಲ ಬರಬೇಕಿತ್ತು, ಮಾಲ್ ಅವುಗಳ ನಡುವಿನ ಪೇಟೆಬೀದಿಯಾಗಬೇಕಿತ್ತು. ಕಾರಿಲ್ಲದೆ ಉಪ್ಪಿನ ಪೊಟ್ಟಣವನ್ನೂ ತರಲಾಗದ ಉಪನಗರಕ್ಕೆ ಜನ ಕಾಲ್ನಡಿಗೆಯಲ್ಲಿ ಸೇರುವ ಒಂದು ಚೌಕವನ್ನು ಕೊಡುವುದು ಅವರ ಆಸೆಯಾಗಿತ್ತು. ಆದರೆ ಮಾಲ್ ಎದ್ದ ಕೂಡಲೇ ಸುತ್ತಲಿನ ನೆಲದ ಬೆಲೆ ಏರಿತು, ಏರಿದ ಬೆಲೆಗೆ ನೆಲ ತುಂಡುತುಂಡಾಗಿ ಮಾರಾಟವಾಯಿತು. ಆಸ್ಪತ್ರೆಯೇನೋ 1965ರಲ್ಲಿ ಬಂತು, ಕಚೇರಿಗಳೂ ಬಂದವು. ಆದರೆ ಎಲ್ಲವೂ ತಮ್ಮತಮ್ಮ ಪಾರ್ಕಿಂಗ್ ಬಯಲಿನ ನಡುವೆ, ಒಂದಕ್ಕೊಂದು ಬೆನ್ನು ಹಾಕಿ ನಿಂತವು.

ಮಾಲ್ ತೆರೆದ ಮರುತಿಂಗಳೇ ಅಲ್ಲಿಗೆ ಬಂದ ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಉದ್ಯಾನಾಂಗಣವನ್ನು ನೋಡಿ, ಹಳ್ಳಿಬೀದಿಯ ಕೆಡುಕುಗಳೆಲ್ಲ ಇಲ್ಲಿವೆ, ಅದರ ಸೊಗಸು ಮಾತ್ರ ಇಲ್ಲ ಎಂಬರ್ಥದ ಮಾತಾಡಿ ಹೋದರು. ಗ್ರೂಯೆನ್ 1968ರಲ್ಲಿ ವಿಯೆನ್ನಾಕ್ಕೆ ಮರಳಿದರು. 1976ರಲ್ಲಿ ಅದೇ ವಿಯೆನ್ನಾದ ದಕ್ಷಿಣದ ಅಂಚಿನಲ್ಲಿ ಒಂದು ಬೃಹತ್ ಶಾಪಿಂಗ್ ಕೇಂದ್ರ ಎದ್ದು ಊರಿನ ಹಳೆಯ ಅಂಗಡಿಗಳ ವ್ಯಾಪಾರಕ್ಕೆ ಕೈಹಾಕಿತು. ತಾನು ಹೊರಟುಬಂದ ಪಿಡುಗು ತನಗಿಂತ ಎಂಟು ವರ್ಷ ತಡವಾಗಿ ಹಿಂಬಾಲಿಸಿ ಬಂದಿದ್ದನ್ನು ಅವರು ಕಣ್ಣಾರೆ ಕಂಡರು. 1978ರಲ್ಲಿ ಲಂಡನ್‌ನಲ್ಲಿ ಮಾತಾಡುತ್ತ, ಈ ಅಕ್ರಮ ಸಂತಾನಗಳಿಗೆ ತಾನು ಜೀವನಾಂಶ ಕೊಡುವುದಿಲ್ಲ, ಇವು ನಮ್ಮ ನಗರಗಳನ್ನು ಹಾಳುಮಾಡಿವೆ ಎಂದು ಹೇಳಿದ್ದು ದಾಖಲಾಗಿದೆ. 1980ರಲ್ಲಿ ತೀರಿಕೊಂಡರು.

ಉತ್ತರ: ತಿದ್ದುಪಡಿ

ಮೂಲ ಪ್ರಶ್ನೆಯಲ್ಲಿ ಇಲ್ಲದಿದ್ದರೂ, ಸೌತ್‌ಡೇಲ್ ಹೆಸರಿನೊಂದಿಗೆ ಎಲ್ಲೆಡೆ ಅಂಟಿಕೊಂಡಿರುವ ‘ಮೊದಲ ಮುಚ್ಚಿದ ಮಾಲ್’ ಎಂಬ ಬಿರುದಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಆಪಲ್‌ಟನ್‌ನಲ್ಲಿ ವ್ಯಾಲಿ ಫೇರ್ ಎಂಬ ಚಿಕ್ಕ ಕೇಂದ್ರವೊಂದು 1955ರಲ್ಲೇ ಸೂರಿನಡಿ ತೆರೆದಿತ್ತು. ಆದ್ದರಿಂದ ದೊಡ್ಡ ಅಂಗಡಿಗಳನ್ನು ಆಂಕರ್ ಮಾಡಿಕೊಂಡ, ಎರಡಂತಸ್ತಿನ, ಪ್ರಾದೇಶಿಕ ಪ್ರಮಾಣದ ಮುಚ್ಚಿದ ಮಾಲ್‌ಗಳಲ್ಲಿ ಸೌತ್‌ಡೇಲ್ ಮೊದಲನೆಯದು ಎಂದರೆ ತಕರಾರಿರುವುದಿಲ್ಲ. ಅಂದ ಹಾಗೆ ಮಾಲ್ ಎಂಬ ಪದಕ್ಕೆ ಮೂಲದಲ್ಲಿ ಅಂಗಡಿಯ ಸಂಬಂಧವೇ ಇಲ್ಲ. ಅದು ಮರಗಳ ಸಾಲಿನ ನಡಿಗೆದಾರಿ. ಶಿಮ್ಲಾದ ಮಾಲ್ ರೋಡ್‌ನಲ್ಲಿ ಅಡ್ಡಾಡಿ ಬಂದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಎರಡನೆಯದಾಗಿ, ನೀಲನಕ್ಷೆಯವರು ಕಥೆಯನ್ನು ಗ್ರೂಯೆನ್ ಕನಸಿನ ಸುತ್ತಲೇ ಹೆಣೆದಿರುವುದರಿಂದ ತೆರಿಗೆಯ ಪಾತ್ರ ಮರೆಯಾಗಿದೆ. 1954ರಲ್ಲಿ ಅಮೆರಿಕದ ತೆರಿಗೆ ಕಾನೂನು ಹೊಸ ವಾಣಿಜ್ಯ ಕಟ್ಟಡಗಳ ಸವಕಳಿಯನ್ನು (ಕಟ್ಟಡ ಹಳತಾದಂತೆ ಕುಸಿಯುವ ಮೌಲ್ಯವನ್ನು ಖರ್ಚೆಂದು ಬರೆಯುವ ಲೆಕ್ಕ) ಮೊದಲ ವರ್ಷಗಳಲ್ಲೇ ಹೆಚ್ಚಾಗಿ ತೋರಿಸಲು ಅವಕಾಶ ಕೊಟ್ಟಿತು. ಅದಕ್ಕೆ ಮೊದಲು ಸವಕಳಿಯನ್ನು ನಲವತ್ತು ವರ್ಷಗಳಷ್ಟು ಕಾಲಕ್ಕೆ ಸಮವಾಗಿ ಹಂಚಬೇಕಾಗುತ್ತಿತ್ತು. ಬದಲಾವಣೆಯ ಫಲವಾಗಿ, ಬಾಡಿಗೆ ಕೈಗೆ ಬರುತ್ತಿದ್ದರೂ ಖಾತೆಯಲ್ಲಿ ನಷ್ಟ ಕಾಣಿಸಬಹುದಾಗಿತ್ತು, ಆ ನಷ್ಟವನ್ನು ಬೇರೆ ಆದಾಯಕ್ಕೆ ವಜಾ ಮಾಡಿಕೊಳ್ಳಬಹುದಾಗಿತ್ತು. ಹಳೆಯ ಪೇಟೆಯ ಕಟ್ಟಡವನ್ನು ದುರಸ್ತಿ ಮಾಡಿಕೊಂಡಿರುವುದಕ್ಕಿಂತ ಊರಾಚೆಯ ಹೊಲದಲ್ಲಿ ಹೊಸದು ಕಟ್ಟುವುದು ಲೆಕ್ಕಪತ್ರದ ದೃಷ್ಟಿಯಿಂದಲೇ ಲಾಭವಾಯಿತು. ಅದರ ಮೇಲೆ 1956ರ ಜೂನ್‌ನಲ್ಲಿ, ಅಂದರೆ ಸೌತ್‌ಡೇಲ್ ತೆರೆಯುವ ಮೂರು ತಿಂಗಳ ಮೊದಲು, ಅಂತರರಾಜ್ಯ ಹೆದ್ದಾರಿಗಳ ಕಾನೂನು ಬಂತು.

ಆದರೆ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಡೇಟನ್ಸ್ ಸೌತ್‌ಡೇಲ್ ಯೋಜನೆಯನ್ನು ಪ್ರಕಟಿಸಿದ್ದು 1952ರಲ್ಲಿ. ಆದ್ದರಿಂದ ತೆರಿಗೆಯ ವಿನಾಯಿತಿ ಸೌತ್‌ಡೇಲನ್ನು ಹುಟ್ಟಿಸಲಿಲ್ಲ; ಸೌತ್‌ಡೇಲ್‌ನ ಸಾವಿರಾರು ನಕಲುಗಳನ್ನು ಹುಟ್ಟಿಸಿತು. ಗ್ರೂಯೆನ್ ಶಪಿಸಿದ್ದು ಈ ನಕಲುಗಳನ್ನು. ಅವುಗಳಲ್ಲಿ ಕೆಲವನ್ನು ಅವರ ಸ್ವಂತ ಕಚೇರಿಯೇ ಶುಲ್ಕ ಪಡೆದು ವಿನ್ಯಾಸ ಮಾಡಿತ್ತೆಂಬುದನ್ನು ಅವರ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಮರುಪ್ರಶ್ನೆ: ಜವಳಿಯಂಗಡಿ

ಮೂವರಿಗೂ ಧನ್ಯವಾದಗಳು. ಎರಡನೇ ಮಹಡಿಯವರ ಬಿಲ್ಲಿನ ಕಟ್ಟುಗಳ ಸಂಗತಿ ಓದಿದ ಮೇಲೆ ನನ್ನ ಅನುಮಾನ ಬಹುಮಟ್ಟಿಗೆ ತೀರಿತು. ಯೋಚಿಸಿದರೆ, ನಮ್ಮ ಚಿಕ್ಕಪೇಟೆಯಲ್ಲಿ ಸೀರೆಯಂಗಡಿಗಳು ಒತ್ತೊತ್ತಾಗಿ ಇರುವುದರಿಂದಲೇ ಮದುವೆ ಜವಳಿಯವರು ಹಾಸನ, ತುಮಕೂರುಗಳಿಂದ ಅಲ್ಲಿಗೇ ಬರುತ್ತಿದ್ದರು. ಒಂದೇ ಅಂಗಡಿ ಇದ್ದಿದ್ದರೆ ಬರುತ್ತಿರಲಿಲ್ಲ. ಅಲ್ಲಿ ಬೀದಿ ತಾನಾಗಿ ಮಾಡಿದ ಕೆಲಸವನ್ನು ಇಲ್ಲಿ ಒಬ್ಬನೇ ಮಾಲೀಕ ಹಣ ಹಾಕಿ ಮಾಡಿಸಿದ್ದಾನೆ ಎಂದು ತಿಳಿಯಬಹುದೇ?

ಆದರೂ ಒಂದು ಉಳಿಯಿತು. ಪೇಟೆಯಲ್ಲಿದ್ದ ಡೇಟನ್ಸ್‌ನ ಮೂಲ ಅಂಗಡಿಯ ಗತಿಯೇನಾಯಿತು? ಊರಾಚೆ ಮಾಲ್ ಕಟ್ಟಿ ತನ್ನದೇ ಹಳೆಯ ಅಂಗಡಿಯ ಬುಡಕ್ಕೆ ಕೊಡಲಿ ಹಾಕಿಕೊಂಡಂತಾಗಲಿಲ್ಲವೇ?

ಉತ್ತರ: ಈಡೈನಾ ನೆರೆಮನೆ

ಮೂವತ್ತು ವರ್ಷಗಳಿಂದ ಇದೇ ಊರಿನಲ್ಲಿರುವವಳು ನಾನು, ಶಿವಮೊಗ್ಗ ತವರು. ಈ ಪ್ರಶ್ನೆಗೆ ಉತ್ತರ ಸ್ವಲ್ಪ ಸುತ್ತಿ ಬರುತ್ತದೆ.

ಪೇಟೆಯವರು ಕೈಕಟ್ಟಿ ಕೂರಲಿಲ್ಲ. ಮಿನಿಯಾಪೊಲಿಸ್‌ನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ರಸ್ತೆಯ ಮೇಲೆ ಹಾಯುವ ಗಾಜಿನ ಸೇತುವೆಗಳನ್ನು ನೀವು ನೋಡಿರಬಹುದು. ಅವುಗಳಲ್ಲಿ ಮೊದಲನೆಯದು 1962ರಲ್ಲಿ ಬಂತು. ಸೌತ್‌ಡೇಲ್ ಕೊಡುತ್ತಿದ್ದ ಬೆಚ್ಚಗಿನ ನಡಿಗೆಯನ್ನು ಪೇಟೆಯಲ್ಲೂ ಕೊಡಬೇಕೆಂಬ ಹಟ ಅದರ ಹಿಂದಿತ್ತು. ನಿಕೊಲೆಟ್ ರಸ್ತೆಯನ್ನೂ ಆ ದಶಕದ ಕೊನೆಯ ಹೊತ್ತಿಗೆ ಕಾರುಗಳಿಂದ ಬಿಡಿಸಿ, ನಡೆಯುವವರಿಗೂ ಬಸ್ಸುಗಳಿಗೂ ಬಿಟ್ಟುಕೊಟ್ಟು, ನಿಕೊಲೆಟ್ ಮಾಲ್ ಎಂದು ಕರೆದರು. ಊರಾಚೆಗೆ ಹೋದ ಹೆಸರು ಹೀಗೆ ಪೇಟೆಗೆ ವಾಪಸು ಬಂತು. 1902ರಷ್ಟು ಹಳೆಯದಾದ ಆ ಡೇಟನ್ಸ್ ಅಂಗಡಿ ಸೌತ್‌ಡೇಲ್ ತೆರೆದ ಅರವತ್ತು ವರ್ಷಗಳ ತನಕ ನಡೆಯಿತು. ಆದರೆ ಹೆಸರು ಉಳಿಯಲಿಲ್ಲ. 2001ರಲ್ಲಿ ಮಾರ್ಷಲ್ ಫೀಲ್ಡ್ಸ್, 2006ರಲ್ಲಿ ಮೇಸೀಸ್ ಎಂದು ಬೋರ್ಡು ಬದಲಾಗಿ, 2017ರಲ್ಲಿ ಬಾಗಿಲು ಹಾಕಿತು. ನೀವು ಕೇಳಿದ ಡೊನಾಲ್ಡ್‌ಸನ್ಸ್ ಅದಕ್ಕೂ ಬಹಳ ಮೊದಲೇ, 1987ರಲ್ಲಿ, ಷಿಕಾಗೊದ ಕಾರ್ಸನ್ ಪಿರೀ ಸ್ಕಾಟ್ ಕಂಪನಿಯ ಪಾಲಾಗಿತ್ತು.

ಕೊಡಲಿಯ ಮಾತಿಗೆ ಬಂದರೆ, ಡೇಟನ್ ಸಹೋದರರು ಅದನ್ನು ಮತ್ತೂ ಒಮ್ಮೆ ಎತ್ತಿದರು. 1962ರಲ್ಲಿ ಇದೇ ಮಹಾನಗರದ ರೋಸ್‌ವಿಲ್‌ನಲ್ಲಿ ಅಗ್ಗದ ಬೆಲೆಯ ಟಾರ್ಗೆಟ್ ಅಂಗಡಿಯನ್ನು ತೆರೆದವರು ಅವರೇ. 1969ರಲ್ಲಿ ಡೆಟ್ರಾಯಿಟ್‌ನ ಹಡ್ಸನ್ಸ್ ಜೊತೆ, ಅಂದರೆ ಗ್ರೂಯೆನ್ ಕೈಯಲ್ಲಿ ನಾರ್ತ್‌ಲ್ಯಾಂಡ್ ಕಟ್ಟಿಸಿದ್ದವರ ಜೊತೆ, ಕಂಪನಿಯನ್ನು ಕೂಡಿಸಿದರು. 2000ದಲ್ಲಿ ಇಡೀ ಕಂಪನಿಯೇ ಟಾರ್ಗೆಟ್ ಎಂಬ ಹೆಸರು ಇಟ್ಟುಕೊಂಡಿತು. ಹಿರಿಮಗನಿಗಿಂತ ಕಿರಿಮಗ ದುಡಿದರೆ ಮನೆಗೆ ಅವನದೇ ಹೆಸರು ನಿಲ್ಲುತ್ತದಲ್ಲ, ಹಾಗೆ.

ಸೌತ್‌ಡೇಲ್‌ಗೆ ದೊಡ್ಡ ಪೆಟ್ಟು ಬಿದ್ದದ್ದು 1992ರ ಆಗಸ್ಟ್‌ನಲ್ಲಿ, ಪಕ್ಕದ ಬ್ಲೂಮಿಂಗ್‌ಟನ್‌ನಲ್ಲಿ ಹಳೆಯ ಕ್ರೀಡಾಂಗಣದ ಜಾಗದಲ್ಲಿ ಮಾಲ್ ಆಫ್ ಅಮೆರಿಕ ತೆರೆದಾಗ. ಊರಿನಿಂದ ಬಂದ ನೆಂಟರನ್ನು ನಾವೆಲ್ಲ ಅಲ್ಲಿಗೇ ಕರೆದೊಯ್ಯುತ್ತಿದ್ದೆವು. ಸೌತ್‌ಡೇಲ್ ನಮಗೆ ಕನ್ನಡಕ ರಿಪೇರಿ ಮಾಡಿಸುವ, ಮಕ್ಕಳಿಗೆ ಬೂಟು ಕೊಡಿಸುವ ಜಾಗವಾಗಿ ಉಳಿಯಿತು.

ಇತ್ತೀಚಿನ ವರ್ಷಗಳಲ್ಲಿ ನಾನು ಕಂಡ ಬದಲಾವಣೆ ಬೇರೆಯದೇ. 2014ರಲ್ಲಿ ಪಾರ್ಕಿಂಗ್ ಬಯಲಿನ ಒಂದು ಮೂಲೆಯಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದವು, ಆಮೇಲೆ ಹೋಟೆಲು ಬಂತು. ಜೆಸಿ ಪೆನ್ನಿ ಅಂಗಡಿ ಇದ್ದ ಕಡೆ 2019ರಲ್ಲಿ ದೊಡ್ಡ ವ್ಯಾಯಾಮಶಾಲೆ ತೆರೆಯಿತು. ಬಟ್ಟೆಗೆ ಬದಲಾಗಿ ಬೆವರೇ ಈಗ ಆಂಕರ್. ನೀಲನಕ್ಷೆಯವರು ಹೇಳಿದ ಗ್ರೂಯೆನ್ ನಕ್ಷೆಯ ಮನೆಗಳು ಅರವತ್ತು ವರ್ಷ ತಡವಾಗಿ ಬರುತ್ತಿವೆ ಎನ್ನೋಣವೇ ಎಂದರೆ, ಅವು ಬರುತ್ತಿರುವುದು ಅವರ ಆಸೆಗಾಗಿ ಅಲ್ಲ, ಕಾರು ನಿಲ್ಲಿಸಲು ಅಷ್ಟು ಜಾಗ ಇನ್ನು ಬೇಕಿಲ್ಲ ಎಂಬ ಕಾರಣಕ್ಕೆ. ಅದೂ ಬಾಡಿಗೆಯ ಲೆಕ್ಕವೇ. ನನ್ನ ಮಟ್ಟಿಗೆ ಅದರಿಂದ ಬೇಸರವಿಲ್ಲ. ಆ ಅಪಾರ್ಟ್‌ಮೆಂಟ್‌ನಲ್ಲಿರುವ ನನ್ನ ಗೆಳತಿ ಜನವರಿಯ ಚಳಿಯಲ್ಲೂ ಕಾರು ತೆಗೆಯದೆ ಮಾಲ್‌ಗೆ ನಡೆದೇ ಬರುತ್ತಾಳೆ.

ಅಣ್ಣಾ, ನಾನೂ ಗುರುವಾರ ಬೆಳಿಗ್ಗೆ ಅಲ್ಲೇ ನಡೆಯುತ್ತೇನೆ. ಅಂಗಳದಲ್ಲಿ ಬರ್ಟೋಯಾ ಅವರ ಲೋಹದ ಮರಗಳ ಹತ್ತಿರ ನಿಂತಿರಿ, ಅತ್ತಿಗೆಯವರನ್ನೂ ಕರೆತನ್ನಿ. ಥರ್ಮಾಸ್‌ನಲ್ಲಿ ಫಿಲ್ಟರ್ ಕಾಫಿ ತರುತ್ತೇನೆ. ಲೋಟ ಮಾತ್ರ ನೀವು ತರಬೇಕು.